ಅಕ್ಕನಿಗೆ ಸಾಕಾಯಿತು, ತಮ್ಮನಿಗೆ ಸಾಲಲಿಲ್ಲ: ಅಲರ್ಜಿ ಸಿರಪ್ಪಿನ ಒಂದು ಪ್ರಕರಣ

ಮಲೆನಾಡಿನ ಒಂದು ಮನೆ, ಮಳೆಗಾಲದ ಒಂದು ಶನಿವಾರ. ಮನೆಯಲ್ಲಿ ಇಬ್ಬರು ಮಕ್ಕಳು. ಅಕ್ಕನಿಗೆ 6 ವರ್ಷ, ತೂಕ 20 ಕೆಜಿ. ತಮ್ಮನಿಗೆ 14 ತಿಂಗಳು, ತೂಕ 9 ಕೆಜಿ. ನಾಲ್ಕೈದು ದಿನದಿಂದ ಇಬ್ಬರಿಗೂ ಶೀತ, ಮೂಗು ಸೋರುವುದು, ಸಣ್ಣ ಜ್ವರ. ಜ್ವರ ಇಳಿಯಿತು ಅನ್ನುವಷ್ಟರಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರ ಮೈಮೇಲೂ ಕೆಂಪು ದದ್ದು. ಹೊಟ್ಟೆ, ತೊಡೆ, ಬೆನ್ನು ಎಲ್ಲ ಕಡೆ ಉಬ್ಬಿಕೊಂಡು ಒಂದೇ ಸಮನೆ ತುರಿಕೆ. ಅಜ್ಜಿ ನೋಡಿದ ಕೂಡಲೇ "ಪಿತ್ತದ ಗಂಧೆ" ಅಂದರು. ಮಕ್ಕಳಲ್ಲಿ ಹೀಗೆ ದಿಢೀರ್ ಅಂತ ಏಳುವ ಗಂಧೆಗೆ ತಿಂದ ಪದಾರ್ಥಕ್ಕಿಂತ ಹೆಚ್ಚಾಗಿ ವೈರಸ್ ಸೋಂಕೇ ಕಾರಣ ಆಗಿರುತ್ತದೆ. ಇಲ್ಲಿಯೂ ಹಾಗೆಯೇ.

ಇದು ಮಾದರಿ ಪ್ರಕರಣ. ಮನೆ, ಮಕ್ಕಳು, ಅಜ್ಜಿ, ಡಾಕ್ಟರು ಎಲ್ಲರೂ ವಿವರಣೆಗಾಗಿ ಕಟ್ಟಿಕೊಂಡವರು. ಆದರೆ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಗಂಟೆ ಕೂತು ಬಂದವರಿಗೆ ಇಂಥ ಮನೆ ಹೊಸದೇನಲ್ಲ. ಔಷಧಿಯ ಲೆಕ್ಕಗಳು ಮಾತ್ರ ಕಟ್ಟಿದ್ದಲ್ಲ.

ಆ ದಿನ ನಡೆದದ್ದು

ಫ್ರಿಜ್ಜಿನ ಮೇಲೆ ಸೆಟಿರಿಜಿನ್ ಅನ್ನುವ ಅಲರ್ಜಿ ಸಿರಪ್ ಇತ್ತು. ಹಿಂದೊಮ್ಮೆ ಅಕ್ಕನಿಗೆ ಕಂಬಳಿಹುಳು ತಾಗಿ ಮೈ ಉರಿದಾಗ ಡಾಕ್ಟರು ಬರೆದುಕೊಟ್ಟದ್ದು. 5 ಎಂಎಲ್‌ಗೆ 5 ಮಿಲಿಗ್ರಾಂ. ಆಗಲೂ ಅವಳಿಗೆ 5 ಎಂಎಲ್ ಅಂತಲೇ ಹೇಳಿದ್ದರು. ಮಕ್ಕಳ ತಾಯಿ ಡಾಕ್ಟರಿಗೆ ಫೋನ್ ಮಾಡಿದರು, ಸಿಗಲಿಲ್ಲ. ಬೆಳಿಗ್ಗೆ 8 ಗಂಟೆಗೆ ಅಕ್ಕನಿಗೆ 5 ಎಂಎಲ್ ಹಾಕಿದರು. ತಮ್ಮನಿಗೆ ಎಷ್ಟು?

"ಅವಳ ಅರ್ಧ ಭಾರ ಇದ್ದಾನಲ್ಲ, ಅರ್ಧ ಹಾಕಿದ್ರಾಯ್ತು" ಅಂದರು ಅಜ್ಜಿ. 2.5 ಎಂಎಲ್ ಹಾಕಿದರು.

ಒಂದು ಗಂಟೆಯೊಳಗೆ ಇಬ್ಬರಿಗೂ ತುರಿಕೆ ಇಳಿಯಿತು. ಮಧ್ಯಾಹ್ನ ಇಬ್ಬರೂ ಚೆನ್ನಾಗಿ ಆಡಿಕೊಂಡಿದ್ದರು. ಸಂಜೆ 6ರ ಹೊತ್ತಿಗೆ ತಮ್ಮನ ಮೈಮೇಲೆ ಮತ್ತೆ ಗಂಧೆ ಎದ್ದಿತು. ಅಕ್ಕನಿಗೆ ಏನೂ ಇಲ್ಲ. ಅವಳು ಮಾರನೇ ದಿನ ಬೆಳಿಗ್ಗೆಯವರೆಗೂ ಆರಾಮಾಗಿದ್ದಳು.

ರಾತ್ರಿ 9ಕ್ಕೆ ತಮ್ಮ ಕೆರೆದುಕೊಂಡು ಕೆರೆದುಕೊಂಡು ಮಲಗಲೊಲ್ಲ. ಸಿರಪ್ಪನ್ನು ಒಂದೇ ದಿನ ಎರಡು ಸಲ ಹಾಕಲು ತಾಯಿಗೆ ಹೆದರಿಕೆ. ಆಗ ಮನೆಯವರ ಕಣ್ಣಿಗೆ ಬಿದ್ದದ್ದು ಶೀತದ ಡ್ರಾಪ್ಸ್. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದು. ಪುಟ್ಟ ಬಾಟಲಿ, ಪುಟ್ಟ ಡ್ರಾಪರ್. ಇದು ಸಣ್ಣ ಮಕ್ಕಳದ್ದೇ, ಶೀತವೂ ಹೋಗುತ್ತದೆ, ನಿದ್ದೆಯೂ ಬರುತ್ತದೆ ಅಂತ ಒಂದು ಡ್ರಾಪರ್ ತುಂಬ, ಅಂದರೆ 1 ಎಂಎಲ್ ಹಾಕಿದರು.

ನಿದ್ದೆ ಬರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಮಗು ಕಿರಿಚಲು ಶುರು ಮಾಡಿತು. ಎತ್ತಿಕೊಂಡರೆ ಹಿಂದಕ್ಕೆ ಬಗ್ಗುವುದು, ಇಳಿಸಿದರೆ ಓಡಾಡುವುದು. ಮುಖ ಕೆಂಪಗಾಗಿತ್ತು, ಬಾಯಿ ಒಣಗಿತ್ತು. ಎದೆ ಮೇಲೆ ಕೈ ಇಟ್ಟರೆ ಡಬಡಬ. 11 ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡ್ಯೂಟಿ ಡಾಕ್ಟರು ಉಸಿರು, ಎದೆಬಡಿತ, ಆಮ್ಲಜನಕದ ಮಟ್ಟ ನೋಡಿದರು. ಎದೆಬಡಿತ ಆ ವಯಸ್ಸಿಗೆ ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು, ಉಳಿದದ್ದೆಲ್ಲ ಸರಿ ಇತ್ತು. ರಾತ್ರಿ ಅಲ್ಲೇ ಇಟ್ಟುಕೊಂಡು ಗಮನಿಸಿದರು. ಬೆಳಗಿನ ಜಾವ ಮಗು ಗಾಢವಾಗಿ ನಿದ್ದೆ ಹೋಯಿತು. ಹತ್ತು ಗಂಟೆಗೆ ಎದ್ದು ಹಾಲು ಕುಡಿಯಿತು. ಸ್ವಲ್ಪ ಮಂಕು ಇತ್ತು ಅನ್ನುವುದು ಬಿಟ್ಟರೆ ಏನೂ ತೊಂದರೆ ಆಗಲಿಲ್ಲ.

ತಮ್ಮನಿಗೆ ಬೆಳಿಗ್ಗೆಯ ಸಿರಪ್ಪು ಸಂಜೆವರೆಗೂ ಯಾಕೆ ಬಾಳಿಕೆ ಬರಲಿಲ್ಲ? ಅಷ್ಟು ಬೇಗ ಔಷಧಿ ಕರಗಿಸುವ ಅದೇ ಮೈಯನ್ನು ರಾತ್ರಿಯ 1 ಎಂಎಲ್ ಡ್ರಾಪ್ಸ್ ಯಾಕೆ ಅಷ್ಟೊಂದು ಅಲುಗಾಡಿಸಿತು? ಈ ಎರಡು ಪ್ರಶ್ನೆಗೂ ಉತ್ತರ ಬೇರೆ ಬೇರೆ. ಇವೆರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಮನೆಗಳಲ್ಲಿ ಅನಾಹುತ ಆಗುತ್ತಿದೆ ಅನ್ನುವುದು ನನ್ನ ಬಲವಾದ ನಂಬಿಕೆ.

ಅಜ್ಜಿಯ ಲೆಕ್ಕ ತಪ್ಪಿರಲಿಲ್ಲ

ಮೊದಲು ಬೆಳಗಿನ ಡೋಸ್ ನೋಡೋಣ. ಅಕ್ಕನಿಗೆ 20 ಕೆಜಿಗೆ 5 ಮಿಲಿಗ್ರಾಂ. ಅಂದರೆ ಕೆಜಿಗೆ 0.25. ತಮ್ಮನಿಗೆ 9 ಕೆಜಿಗೆ 2.5 ಮಿಲಿಗ್ರಾಂ. ಕೆಜಿಗೆ ಸುಮಾರು 0.28. ತೂಕದ ಲೆಕ್ಕದಲ್ಲಿ ಇಬ್ಬರಿಗೂ ಬಿದ್ದದ್ದು ಹೆಚ್ಚುಕಡಿಮೆ ಒಂದೇ. ತಮ್ಮನಿಗೇ ಕೂದಲೆಳೆ ಜಾಸ್ತಿ. ಆದರೂ ಅವನಿಗೇ ಮೊದಲು ಖಾಲಿಯಾಯಿತು.

ಔಷಧಿ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ಅಳೆಯಲು ಅರ್ಧಾಯು ಅನ್ನುವ ಅಳತೆ ಇದೆ. ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾಗುವ ಹೊತ್ತು ಅದು. ಸೆಟಿರಿಜಿನ್‌ನ ಅರ್ಧಾಯು ದೊಡ್ಡವರಲ್ಲಿ 8ರಿಂದ 10 ಗಂಟೆ. 6ರಿಂದ 12 ವರ್ಷದವರಲ್ಲಿ ಸುಮಾರು 6 ಗಂಟೆ. 2ರಿಂದ 6 ವರ್ಷದವರಲ್ಲಿ ಸುಮಾರು 5 ಗಂಟೆ. 6ರಿಂದ 24 ತಿಂಗಳ ಮಕ್ಕಳಲ್ಲಿ ಬರೀ 3.1 ಗಂಟೆ.

ಇದನ್ನು ಆ ಶನಿವಾರಕ್ಕೆ ಹಾಕಿ ನೋಡಿ. ಬೆಳಿಗ್ಗೆ 8ಕ್ಕೆ ಕೊಟ್ಟದ್ದು, ಸಂಜೆ 6ಕ್ಕೆ 10 ಗಂಟೆ ಕಳೆದಿದೆ. ಅಕ್ಕನ ರಕ್ತದಲ್ಲಿ ಇನ್ನೂ ಮೂರರಲ್ಲಿ ಒಂದು ಪಾಲು ಇದೆ. ತಮ್ಮನ ರಕ್ತದಲ್ಲಿ ಉಳಿದಿರುವುದು ಹತ್ತರಲ್ಲಿ ಒಂದು ಪಾಲು. ರಾತ್ರಿ 8ಕ್ಕೆ ಅಕ್ಕನಲ್ಲಿ ಕಾಲು ಭಾಗ, ತಮ್ಮನಲ್ಲಿ ನೂರಕ್ಕೆ 7. ಗಂಧೆ ಮತ್ತೆ ಎದ್ದ ಹೊತ್ತಿಗೂ ಈ ಲೆಕ್ಕಕ್ಕೂ ಹೊಂದಾಣಿಕೆ ಇದೆ, ಅಲ್ವಾ?

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಸೆಟಿರಿಜಿನ್ ಒಂದು ಆಂಟಿಹಿಸ್ಟಮಿನ್, ಅಂದರೆ ತುರಿಕೆ ತರುವ ಹಿಸ್ಟಮಿನ್ ಅನ್ನುವ ವಸ್ತುವನ್ನು ತಡೆಯುವ ಔಷಧಿ. ಇಂಥ ಔಷಧಿಗಳ ಪರಿಣಾಮ ರಕ್ತದ ಮಟ್ಟದ ಜೊತೆಗೇ ಇಳಿದುಬಿಡುವುದಿಲ್ಲ. ರಕ್ತದಲ್ಲಿ ಕಡಿಮೆಯಾದ ಮೇಲೂ ಚರ್ಮದಲ್ಲಿ ಕೆಲವು ಹೊತ್ತು ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಎಷ್ಟೋ ಪುಟ್ಟ ಮಕ್ಕಳಿಗೆ ದಿನಕ್ಕೆ ಒಂದೇ ಸಲ ಕೊಟ್ಟರೂ ಸಾಕಾಗುತ್ತದೆ. ಗಂಧೆ ಜೋರಾಗಿದ್ದಾಗ ಮಾತ್ರ ಕೊನೆಯ ಕೆಲವು ಗಂಟೆ ಬರಿದಾಗುತ್ತದೆ. ಈ ಮಗುವಿಗೆ ಆದದ್ದು ಅದೇ.

ಯಾಕೆ ಹೀಗೆ ಅನ್ನುವುದಕ್ಕೆ ಮೈಯೊಳಗೆ ಹೋಗಬೇಕು. ಸೆಟಿರಿಜಿನ್‌ನ ಬಹುಪಾಲು ಲಿವರ್‌ನಲ್ಲಿ ಬದಲಾಗದೆ ಹಾಗೇ ಕಿಡ್ನಿಯಿಂದ ಮೂತ್ರಕ್ಕೆ ಹೋಗುತ್ತದೆ. ಅಂದರೆ ಕಿಡ್ನಿ ಎಷ್ಟು ಚುರುಕೋ ಔಷಧಿ ಅಷ್ಟು ಬೇಗ ಹೊರಗೆ. ಆಗಷ್ಟೇ ಹುಟ್ಟಿದ ಮಗುವಿನ ಕಿಡ್ನಿ ದೊಡ್ಡವರ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಸೋಸುತ್ತದೆ. ಎರಡು ವಾರದೊಳಗೆ ಅದು ಸುಮಾರು ಎರಡು ಪಟ್ಟಾಗುತ್ತದೆ. ಒಂದರಿಂದ ಎರಡು ವರ್ಷದೊಳಗೆ ದೊಡ್ಡವರ ಮಟ್ಟ ಮುಟ್ಟುತ್ತದೆ. ಈ ಹೋಲಿಕೆಯನ್ನು ಡಾಕ್ಟರುಗಳು ಕೆಜಿ ಲೆಕ್ಕದಲ್ಲಿ ಮಾಡುವುದಿಲ್ಲ, ಮೈಯ ಹೊರಮೈ ವಿಸ್ತೀರ್ಣದ ಲೆಕ್ಕದಲ್ಲಿ ಮಾಡುತ್ತಾರೆ. ಗುಟ್ಟು ಇರುವುದು ಇಲ್ಲೇ. 9 ಕೆಜಿ ಮಗುವಿನ ಹೊರಮೈ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಕಡಿಮೆ. 70 ಕೆಜಿ ಆಳಿನದ್ದು ಸುಮಾರು 1.8 ಚದರ ಮೀಟರ್. ಕೆಜಿಗೆ ಎಷ್ಟು ಅಂತ ಭಾಗಿಸಿದರೆ ಮಗುವಿನದ್ದೇ ಸುಮಾರು ಎರಡು ಪಟ್ಟು. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವುದೂ ಇದೇ ಕಾರಣಕ್ಕೆ. ಮೈ ಸಣ್ಣದಿದ್ದಷ್ಟೂ ಕೆಜಿ ಲೆಕ್ಕದಲ್ಲಿ ಅದರೊಳಗಿನ ಕೆಲಸ ಬಿರುಸು. ಉಸಿರು, ಎದೆಬಡಿತ, ಆಹಾರ ಸುಡುವುದು, ಔಷಧಿ ಸೋಸುವುದು ಎಲ್ಲವೂ.

ಸೆಟಿರಿಜಿನ್‌ನಲ್ಲಿ ಈ ಬಿರುಸು ಎಷ್ಟು ಅಂತ ಅಳೆದಿದ್ದಾರೆ. 7ರಿಂದ 12 ವರ್ಷದ ಮಕ್ಕಳು ಕೆಜಿ ಲೆಕ್ಕದಲ್ಲಿ ದೊಡ್ಡವರಿಗಿಂತ ಮೂರರಲ್ಲಿ ಒಂದು ಪಾಲು ಜಾಸ್ತಿ ವೇಗದಲ್ಲಿ ಇದನ್ನು ಹೊರಹಾಕುತ್ತಾರೆ. 2ರಿಂದ 5 ವರ್ಷದವರು ಸುಮಾರು ಎರಡು ಪಟ್ಟು. 6ರಿಂದ 23 ತಿಂಗಳ ಕೂಸುಗಳು ಸುಮಾರು ನಾಲ್ಕು ಪಟ್ಟು.

ಹಾಗಾಗಿ ದೊಡ್ಡವರ ಡೋಸನ್ನು ತೂಕದಿಂದ ನೇರವಾಗಿ ಭಾಗಿಸಿದರೆ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ 10 ಮಿಲಿಗ್ರಾಂ. 70 ಕೆಜಿಗೆ 10 ಆದರೆ 9 ಕೆಜಿಗೆ 1.3 ಬರುತ್ತದೆ. ವಯಸ್ಸಿನ ಮೇಲೆ ಭಾಗಿಸುವ ಹಳೆಯ ಸೂತ್ರವೂ ಒಂದಿದೆ. ವಯಸ್ಸನ್ನು, ವಯಸ್ಸಿಗೆ 12 ಕೂಡಿಸಿದ ಸಂಖ್ಯೆಯಿಂದ ಭಾಗಿಸುವುದು. ಅದರಲ್ಲಿ 14 ತಿಂಗಳ ಮಗುವಿಗೆ 1 ಮಿಲಿಗ್ರಾಂ ಕೂಡ ಬರುವುದಿಲ್ಲ. ಪ್ರಾಣಿಗಳ ತೂಕಕ್ಕೂ ಅವು ಸುಡುವ ಶಕ್ತಿಗೂ ಇರುವ ಸಂಬಂಧವನ್ನು ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ್ದರು. ತೂಕ ಎರಡು ಪಟ್ಟಾದರೆ ಶಕ್ತಿಯ ಖರ್ಚು ಎರಡು ಪಟ್ಟಾಗುವುದಿಲ್ಲ, ಮುಕ್ಕಾಲು ಘಾತದ ಪ್ರಕಾರ ಏರುತ್ತದೆ, ಅಂದರೆ ಸುಮಾರು 1.7 ಪಟ್ಟಾಗುತ್ತದೆ ಅಷ್ಟೇ. ಅದೇ ದಾರಿಯಲ್ಲಿ ಲೆಕ್ಕ ಹಾಕಿದರೆ 9 ಕೆಜಿಗೆ 2.1 ಮಿಲಿಗ್ರಾಂ, 20 ಕೆಜಿಗೆ 3.9 ಮಿಲಿಗ್ರಾಂ ಬರುತ್ತದೆ. ಡಾಕ್ಟರುಗಳು ನಿಜವಾಗಿ ಬರೆಯುವ 2.5 ಮತ್ತು 5ಕ್ಕೆ ಇದು ಎಷ್ಟೋ ಹತ್ತಿರ. ಎರಡು ವರ್ಷದೊಳಗಿನ ಮಗುವಿಗೆ ಕಿಡ್ನಿ, ಲಿವರ್ ಎಷ್ಟು ಬೆಳೆದಿದೆ ಅನ್ನುವುದನ್ನೂ ಇದರ ಜೊತೆ ಸೇರಿಸಿ ನೋಡಬೇಕಾಗುತ್ತದೆ.

ಇದನ್ನು ಓದಿ ಯಾರೂ ಮನೆಯಲ್ಲಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂರಬೇಡಿ. ಡಾಕ್ಟರು ಬರೆದ ಸಂಖ್ಯೆ ಸುಮ್ನೆ ಅರ್ಧ, ಕಾಲು ಮಾಡಿ ಬಂದದ್ದಲ್ಲ ಅಂತ ಗೊತ್ತಾದರೆ ಸಾಕು.

ರಾತ್ರಿಯ 1 ಎಂಎಲ್

ಈಗ ಡ್ರಾಪ್ಸ್ ಬಾಟಲಿಯನ್ನು ಕೈಗೆತ್ತಿಕೊಳ್ಳೋಣ. ಪ್ರತಿ 1 ಎಂಎಲ್‌ನಲ್ಲಿ ಕ್ಲೋರ್ಫೆನಿರಮಿನ್ ಮೆಲಿಯೇಟ್ 2 ಮಿಲಿಗ್ರಾಂ, ಫಿನೈಲೆಫ್ರಿನ್ 5 ಮಿಲಿಗ್ರಾಂ. ಇದರಲ್ಲಿ ಮೊದಲನೆಯದು ಹಳೇ ಕಾಲದ ಆಂಟಿಹಿಸ್ಟಮಿನ್. ಎರಡನೆಯದು ಮೂಗು ಕಟ್ಟುವುದನ್ನು ಬಿಡಿಸಲು ರಕ್ತನಾಳ ಬಿಗಿ ಮಾಡುವ ಔಷಧಿ.

ಕ್ಲೋರ್ಫೆನಿರಮಿನ್ ದೊಡ್ಡವರಿಗೆ ಒಂದು ಸಲಕ್ಕೆ 4 ಮಿಲಿಗ್ರಾಂ. 6ರಿಂದ 12 ವರ್ಷದ ಮಕ್ಕಳಿಗೆ 2 ಮಿಲಿಗ್ರಾಂ. ಅಂದರೆ 9 ಕೆಜಿ ಕೂಸಿನ ಬಾಯಿಗೆ ಒಂದು ಡ್ರಾಪರ್‌ನಲ್ಲಿ ಬಿದ್ದದ್ದು ಅಕ್ಕನ ವಯಸ್ಸಿನವರ ಪೂರ್ತಿ ಡೋಸ್, ಅಪ್ಪನ ಅರ್ಧ ಡೋಸ್. ಫಿನೈಲೆಫ್ರಿನ್ ಕೂಡ ಹಾಗೆಯೇ. ದೊಡ್ಡವರಿಗೆ 10, ಶಾಲೆಗೆ ಹೋಗುವ ಮಕ್ಕಳಿಗೆ 5.

ಡ್ರಾಪ್ಸ್ ಅಂದರೆ ತೆಳುವಾದ ಔಷಧಿ, ಸಿರಪ್ ಅಂದರೆ ಗಟ್ಟಿ ಔಷಧಿ ಅಂತ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಇರುವುದು ಉಲ್ಟಾ. ಕೂಸುಗಳು ಜಾಸ್ತಿ ಪ್ರಮಾಣ ಕುಡಿಯುವುದಿಲ್ಲ, ಉಗುಳುತ್ತವೆ. ಅದಕ್ಕೇ ಡ್ರಾಪ್ಸ್‌ನಲ್ಲಿ ಪ್ರತಿ ಎಂಎಲ್‌ಗೆ ಔಷಧಿಯನ್ನು ಹೆಚ್ಚು ತುಂಬಿರುತ್ತಾರೆ. ಸೆಟಿರಿಜಿನ್ ಸಿರಪ್ಪಿನ 1 ಎಂಎಲ್‌ನಲ್ಲಿ 1 ಮಿಲಿಗ್ರಾಂ ಇದ್ದರೆ ಈ ಡ್ರಾಪ್ಸ್‌ನ 1 ಎಂಎಲ್‌ನಲ್ಲಿ ಎರಡು ಔಷಧಿ ಸೇರಿ 7 ಮಿಲಿಗ್ರಾಂ. ಬಾಟಲಿ ಪುಟ್ಟದು ಅಂತ ಒಳಗಿನದೂ ಪುಟ್ಟದಾಗಿರುವುದಿಲ್ಲ.

ಈ ಜೋಡಿ ಔಷಧಿಯ ಬಗ್ಗೆಯೇ ನಮ್ಮ ದೇಶದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿತು. ಕ್ಲೋರ್ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಶೀತದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು, ಅದನ್ನು ಲೇಬಲ್ ಮೇಲೆ ಅಚ್ಚು ಹಾಕಬೇಕು ಅಂತ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇನ್ನೊಂದು ಸಲಹೆ ಕೊಟ್ಟಿತು. 2 ವರ್ಷದೊಳಗಿನವರಿಗೆ ಕೆಮ್ಮು, ಶೀತದ ಔಷಧಿ ಬರೆಯಬಾರದು, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ. ಅಮೆರಿಕದಲ್ಲಿ ಈ ಎಚ್ಚರಿಕೆ 2008ರಲ್ಲೇ ಬಂದಿತ್ತು. ನಮ್ಮಲ್ಲೂ ಲೇಬಲ್ ಮೇಲೆ ಸಾಲು ಬಂದಿದೆ. ಆದರೆ ಅದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇರುತ್ತದೆ. ರಾತ್ರಿ 9 ಗಂಟೆಗೆ ಅಳುವ ಮಗುವನ್ನು ಕಂಕುಳಲ್ಲಿ ಹಿಡಿದುಕೊಂಡ ಅಜ್ಜಿ ಅದನ್ನು ಹೇಗೆ ಓದಬೇಕು? ಮಕ್ಕಳ ಔಷಧಿಯ ಮೇಲೆ ವಯಸ್ಸಿನ ಎಚ್ಚರಿಕೆ ಆಯಾ ರಾಜ್ಯದ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ ಇರಲೇಬೇಕು. ಇದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಬೇಗ ಕರಗಿದರೂ ಪೆಟ್ಟು ಬೀಳುತ್ತದೆ

ಇಲ್ಲಿ ತಂದೆ ತಾಯಿಯರು ಕೇಳುವ ಒಂದು ಪ್ರಶ್ನೆ ಇದೆ. ಪುಟ್ಟ ಮಕ್ಕಳ ಮೈ ಔಷಧಿಯನ್ನು ಬೇಗ ಹೊರಹಾಕುತ್ತದೆ ಅಂದಿರಿ. ಹಾಗಾದರೆ ಸ್ವಲ್ಪ ಜಾಸ್ತಿಯಾದರೂ ತಡೆದುಕೊಳ್ಳಬೇಕಲ್ಲ?

ಕ್ಲೋರ್ಫೆನಿರಮಿನ್ ಸೆಟಿರಿಜಿನ್ ಹಾಗಲ್ಲ. ಅದನ್ನು ಮುಖ್ಯವಾಗಿ ಲಿವರ್ ಒಡೆಯಬೇಕು. ದೊಡ್ಡವರಲ್ಲಿ ಅದರ ಅರ್ಧಾಯು 20 ಗಂಟೆ ಅಥವಾ ಅದಕ್ಕೂ ಜಾಸ್ತಿ. ಮಕ್ಕಳಲ್ಲಿ ಕಡಿಮೆಯೇ, ಆದರೂ 10ರಿಂದ 13 ಗಂಟೆ. ರಾತ್ರಿ 9ಕ್ಕೆ ಹಾಕಿದ್ದು ಬೆಳಿಗ್ಗೆ 9ಕ್ಕೂ ಅರ್ಧ ಉಳಿದಿರುತ್ತದೆ. ಮಾರನೇ ದಿನ ಮಗು ಮಂಕಾಗಿದ್ದದ್ದು ಇದಕ್ಕೇ.

ಅದಕ್ಕಿಂತ ದೊಡ್ಡ ವಿಷಯ ಮಿದುಳು. ಹಿಸ್ಟಮಿನ್ ಅಂದರೆ ಬರೀ ತುರಿಕೆ ತರುವ ವಸ್ತು ಅಂತ ನಾವು ತಿಳಿದಿದ್ದೇವೆ. ಮಿದುಳಿನಲ್ಲಿ ಅದು ನಮ್ಮನ್ನು ಎಚ್ಚರವಾಗಿಡುವ, ಗಮನ ಕೊಡುವಂತೆ ಮಾಡುವ ರಾಸಾಯನಿಕ. ಹಳೇ ಆಂಟಿಹಿಸ್ಟಮಿನ್‌ಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ನುಗ್ಗುತ್ತವೆ. ದೊಡ್ಡವರ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ಕ್ಲೋರ್ಫೆನಿರಮಿನ್ ಅಲ್ಲಿ ಹಿಸ್ಟಮಿನ್ ಬಂದು ಕೂರುವ ಜಾಗಗಳಲ್ಲಿ, ಅಂದರೆ ಗ್ರಾಹಕಗಳಲ್ಲಿ, ಅರ್ಧಕ್ಕೂ ಹೆಚ್ಚನ್ನು ಮುಚ್ಚಿಬಿಡುವುದು ಕಂಡಿದೆ. ಸೆಟಿರಿಜಿನ್ ಮುಚ್ಚುವುದು ಅದಕ್ಕಿಂತ ಎಷ್ಟೋ ಕಡಿಮೆ. ಫೆಕ್ಸೊಫೆನಡಿನ್ ಅನ್ನುವ ಇನ್ನೊಂದು ಹೊಸ ಔಷಧಿಯದ್ದು ಹೆಚ್ಚುಕಡಿಮೆ ಸೊನ್ನೆ. ಹೊಸ ಔಷಧಿಗಳನ್ನು ಮಿದುಳಿನ ಬಾಗಿಲಲ್ಲೇ ಹೊರಗೆ ತಳ್ಳುವ ವ್ಯವಸ್ಥೆ ನಮ್ಮ ಮೈಯಲ್ಲಿದೆ. ಹಳೆಯವು ಅದಕ್ಕೆ ಸಿಗುವುದಿಲ್ಲ.

ಹಳೇ ಔಷಧಿ ದೊಡ್ಡವರಿಗೆ ನಿದ್ದೆ ಬರಿಸುತ್ತದೆ. ಪುಟ್ಟ ಮಕ್ಕಳಲ್ಲಿ ಕೆಲವೊಮ್ಮೆ ತದ್ವಿರುದ್ಧ ಆಗುತ್ತದೆ. ಮಗು ಕೆರಳುತ್ತದೆ, ಚಡಪಡಿಸುತ್ತದೆ, ಕಿರಿಚುತ್ತದೆ. ಯಾವ ಮಗುವಿಗೆ ಹೀಗಾಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಜೊತೆಗೆ ಈ ಔಷಧಿಗಳು ಹಿಸ್ಟಮಿನ್ ಒಂದನ್ನೇ ತಡೆಯುವುದಿಲ್ಲ, ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕವನ್ನೂ ತಡೆಯುತ್ತವೆ. ಬಾಯಿ ಒಣಗುವುದು, ಮುಖ ಕೆಂಪಾಗುವುದು, ಎದೆ ಬಡಿದುಕೊಳ್ಳುವುದು, ಮೂತ್ರ ಕಟ್ಟುವುದು ಅದರಿಂದಲೇ. ಆ ರಾತ್ರಿ ಮಗುವಿನಲ್ಲಿ ಕಂಡದ್ದು ಬಹುಪಾಲು ಇದೇ ಪಟ್ಟಿ.

ಹೊಸ ಔಷಧಿ ಅತಿಯಾದರೂ ಸುಮ್ಮನಿರುತ್ತದೆ ಅಂತಲ್ಲ. 18 ತಿಂಗಳ ಮಗುವೊಂದು ಸುಮಾರು 180 ಮಿಲಿಗ್ರಾಂ ಸೆಟಿರಿಜಿನ್ ನುಂಗಿದ ಘಟನೆ ಆ ಔಷಧಿಯ ಅಧಿಕೃತ ಮಾಹಿತಿಯಲ್ಲೇ ದಾಖಲಾಗಿದೆ. ಮೊದಲು ಚಡಪಡಿಕೆ, ಕಿರಿಕಿರಿ. ಆಮೇಲೆ ತೂಕಡಿಕೆ.

ಹಾಗಾಗಿ ಔಷಧಿ ಎಷ್ಟು ಬೇಗ ಹೊರಹೋಗುತ್ತದೆ ಅನ್ನುವುದು ಎಷ್ಟು ಸಲ ಕೊಡಬೇಕು ಅಂತ ಹೇಳುತ್ತದೆ. ಒಂದು ಸಲಕ್ಕೆ ಎಷ್ಟರವರೆಗೆ ಕೊಡಬಹುದು, ಕೊಡಲೇಬಹುದೇ ಅನ್ನುವುದನ್ನು ಮಿದುಳು, ಎದೆ, ಉಸಿರಾಟ ಹೇಳುತ್ತವೆ. ಘಟ್ಟದ ದಾರಿಯಲ್ಲಿ ವಾಂತಿ ಆಗದಿರಲಿ ಅಂತ ಬಸ್ಸು ಹತ್ತುವ ಮೊದಲು ಮಕ್ಕಳಿಗೆ ಕೊಡುವ ಪ್ರೋಮೆಥಜಿನ್ ಕೂಡ ಹಳೇ ಆಂಟಿಹಿಸ್ಟಮಿನ್ನೇ. ಅದರಿಂದ ಪುಟ್ಟ ಮಕ್ಕಳ ಉಸಿರಾಟ ಕುಗ್ಗಿ ಜೀವ ಹೋದ ಉದಾಹರಣೆಗಳಿವೆ. 2 ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು. ಮಗು ಮಲಗಲಿ ಅಂತ ಯಾವ ಅಲರ್ಜಿ ಔಷಧಿಯನ್ನೂ ಹಾಕಬಾರದು. ದಣಿದ ತಾಯಿಗೆ ಈ ಮಾತು ಕಟುವಾಗಿ ಕೇಳಿಸುತ್ತದೆ ಅಂತ ಗೊತ್ತು. ಆದರೂ ಇದರಲ್ಲಿ ರಿಯಾಯಿತಿ ಇಲ್ಲ.

ಭಾನುವಾರ ಡಾಕ್ಟರು ಮಾಡಿದ್ದು

ಬೆಳಿಗ್ಗೆ ಮಕ್ಕಳ ಡಾಕ್ಟರು ಬಂದವರು ಮೊದಲು ಮಾಡಿದ್ದು ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದ್ದು. ಆಮೇಲೆ ಎರಡೂ ಬಾಟಲಿ ತರಿಸಿ ನೋಡಿದರು. ಅಜ್ಜಿ ಮೂಲೆಯಲ್ಲಿ ಸೆರಗು ಹಿಡಿದುಕೊಂಡು ಕೂತಿದ್ದರು.

"ಅಮ್ಮಾ, ನೀವು ಬೆಳಿಗ್ಗೆ ಹಾಕಿದ ಅರ್ಧದ ಲೆಕ್ಕ ಸರಿಯಾಗೇ ಇತ್ತು" ಅಂದರು ಡಾಕ್ಟರು. "ರಾತ್ರಿ ಇನ್ನೊಂದು ಸಲ ಅದನ್ನೇ ಹಾಕಬಹುದಿತ್ತು. ಕೇಳಲಿಕ್ಕೆ ನಾನು ಸಿಗಲಿಲ್ಲ. ಈ ಡ್ರಾಪ್ಸ್ ಮಾತ್ರ ಮನೆಯಲ್ಲೇ ಇರೋದು ಬೇಡ."

"ಅದೂ ಮಕ್ಕಳದ್ದೇ ಅಂದ್ಕೊಂಡೆ ಡಾಕ್ಟ್ರೇ."

"ಎಲ್ಲರೂ ಹಾಗೇ ಅಂದ್ಕೋತಾರೆ."

ತಮ್ಮನಿಗೆ ಸೆಟಿರಿಜಿನ್ 2.5 ಮಿಲಿಗ್ರಾಂ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಐದು ದಿನ ಅಂತ ಬರೆದರು. ಆ ದಿನ ಬೆಳಿಗ್ಗೆಯದು ಬೇಡ, ರಾತ್ರಿಯಿಂದ ಶುರು ಮಾಡಿ ಅಂದರು. ಹಿಂದಿನ ಔಷಧಿ ಇನ್ನೂ ಮೈಯಲ್ಲಿ ಇತ್ತಲ್ಲ. ಅಕ್ಕನಿಗೆ 5 ಮಿಲಿಗ್ರಾಂ ದಿನಕ್ಕೆ ಒಂದೇ ಸಲ.

ದಿನಕ್ಕೆರಡು ಸಲ ಅನ್ನುವುದಕ್ಕೆ ಆಧಾರ ಇದೆ. ಚರ್ಮದ ಅಲರ್ಜಿ ಇದ್ದ 12ರಿಂದ 24 ತಿಂಗಳ 817 ಮಕ್ಕಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ಮಕ್ಕಳಿಗೆ ಕೆಜಿಗೆ 0.25 ಮಿಲಿಗ್ರಾಂನಂತೆ ದಿನಕ್ಕೆರಡು ಸಲ 18 ತಿಂಗಳು ಸೆಟಿರಿಜಿನ್ ಕೊಟ್ಟರು. ಉಳಿದವರಿಗೆ ಔಷಧಿಯಿಲ್ಲದ ಸಿರಪ್. ಕೆನಡಾದ ಡಾಕ್ಟರ್ ಎಸ್ಟೆಲ್ ಸೈಮನ್ಸ್ ಆ ಮಕ್ಕಳ ಸುರಕ್ಷತೆಯ ವಿವರ ಪ್ರಕಟಿಸಿದರು. ನಡವಳಿಕೆಯಲ್ಲಾಗಲಿ ಕಲಿಕೆಯಲ್ಲಾಗಲಿ ಎರಡು ಗುಂಪಿಗೂ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಮೈ ಆಂಟಿಹಿಸ್ಟಮಿನ್‌ಗಳನ್ನು ಹೇಗೆ ನಿಭಾಯಿಸುತ್ತದೆ ಅನ್ನುವ ತಿಳಿವಳಿಕೆಯಲ್ಲಿ ಬಹಳಷ್ಟು ಈ ಮಹಿಳೆಯ ಕೆಲಸದಿಂದ ಬಂದದ್ದು. ಡೈಫೆನ್‌ಹೈಡ್ರಮಿನ್ ಅನ್ನುವ ಹಳೇ ಆಂಟಿಹಿಸ್ಟಮಿನ್ನಿನ ಅರ್ಧಾಯು ಮಕ್ಕಳಲ್ಲಿ ಸುಮಾರು 5 ಗಂಟೆ, ದೊಡ್ಡವರಲ್ಲಿ 9, ಮುದುಕರಲ್ಲಿ 13 ದಾಟುತ್ತದೆ ಅಂತ ಅಳೆದು ತೋರಿಸಿದ್ದೂ ಅವರ ತಂಡವೇ. ಅಂದರೆ ಅದೇ ಮಾತ್ರೆ ಅಜ್ಜಿಯ ಮೈಯಲ್ಲಿ ಮೊಮ್ಮಗಳಿಗಿಂತ ಎರಡೂವರೆ ಪಟ್ಟು ಹೊತ್ತು ಕೂರುತ್ತದೆ.

ಅಳೆಯಲು ಡಾಕ್ಟರು ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಕೊಟ್ಟರು. ಮನೆಯ ಚಮಚಗಳಲ್ಲಿ ಒಂದು 3 ಎಂಎಲ್ ಹಿಡಿದರೆ ಇನ್ನೊಂದು 7 ಹಿಡಿಯುತ್ತದೆ. ಅಕ್ಕನಿಗೆ ಅದರಿಂದ ಅಂಥಾ ವ್ಯತ್ಯಾಸ ಆಗಲಿಕ್ಕಿಲ್ಲ, 9 ಕೆಜಿ ಮಗುವಿಗೆ ಆಗುತ್ತದೆ. ಸಿರಿಂಜನ್ನು ನಾಲಿಗೆಯ ಮೇಲೆ ನೇರವಾಗಿ ಹಾಕದೆ ಕೆನ್ನೆಯ ಒಳಬದಿಗೆ ನಿಧಾನಕ್ಕೆ ಬಿಡಬೇಕು. ಕೊಟ್ಟ ಕೂಡಲೇ ವಾಂತಿ ಮಾಡಿದರೆ ತಾವಾಗಿ ಇನ್ನೊಂದು ಸಲ ಹಾಕದೆ ಫೋನ್ ಮಾಡಿ ಕೇಳಬೇಕು. ಶೀತಕ್ಕೆ ಉಪ್ಪುನೀರಿನ ಮೂಗಿನ ಹನಿ, ಆಗಾಗ ಹಾಲು ನೀರು, ರಾತ್ರಿ ಕೆಮ್ಮಿದರೆ ಅರ್ಧ ಚಮಚ ಜೇನುತುಪ್ಪ. ಜೇನು ಒಂದು ವರ್ಷ ದಾಟಿದವರಿಗೆ ಮಾತ್ರ. ಈ ಮಗು ದಾಟಿತ್ತು.

ವಾಂತಿ ಭೇದಿ ಶುರುವಾಗಿ ಮೂತ್ರ ಕಡಿಮೆಯಾದರೆ ಸೆಟಿರಿಜಿನ್ ಮುಂದುವರಿಸುವ ಮೊದಲು ಕೇಳಿ ಅಂತಲೂ ಹೇಳಿದರು. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿ ಸೋಸುವುದೂ ಕಡಿಮೆಯಾಗುತ್ತದೆ. ಆಗ 3 ಗಂಟೆಯ ಲೆಕ್ಕ ನಡೆಯುವುದಿಲ್ಲ. ಕಿಡ್ನಿ ಕಾಯಿಲೆ ಇರುವ ಮಕ್ಕಳಿಗೆ ಡೋಸೇ ಬೇರೆ.

ತಾಯಿ ಕೊನೆಗೆ ಕೇಳಿದ್ದು, ಗಂಧೆ ಎದ್ದಾಗ ಯಾವಾಗ ಸಿರಪ್ಪಿನ ಮೇಲೆ ನಂಬಿಕೆ ಇಟ್ಟು ಕೂರಬಾರದು ಅಂತ. ತುಟಿ, ನಾಲಿಗೆ ಊದಿಕೊಂಡರೆ, ದನಿ ಕಟ್ಟಿದರೆ, ಉಸಿರಾಡಲು ಕಷ್ಟಪಟ್ಟರೆ, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿಯಾದರೆ, ಮಗು ಸೋತು ಬಿದ್ದರೆ ಅದು ತೀವ್ರ ಅಲರ್ಜಿ. ಆಗ ಬೇಕಾದದ್ದು ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಕೆಜಿಗೆ 0.01 ಮಿಲಿಗ್ರಾಂ, ಆಸ್ಪತ್ರೆಯಲ್ಲಿ. ಸಿರಪ್ ಕುಡಿಸಿ ಕಾಯುತ್ತಾ ಕೂತರೆ ಹೊತ್ತು ಮೀರುತ್ತದೆ. 108ಕ್ಕೆ ಫೋನ್ ಮಾಡಬೇಕು.

ಇದೇ ಮನೆಯಲ್ಲಿ ಬೇರೆ ವಯಸ್ಸಿನವರಿದ್ದಿದ್ದರೆ

ಒಂದು ತಿಂಗಳ ಕೂಸು ಇದ್ದಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಬಿರುಸು ಇನ್ನೂ ಶುರುವಾಗಿಲ್ಲ, ಕಿಡ್ನಿ ಎಳೆಯದು. ಲಿವರ್‌ನ ಔಷಧಿ ಒಡೆಯುವ ಕಿಣ್ವಗಳೂ ಒಂದೊಂದು ಒಂದೊಂದು ಹೊತ್ತಿಗೆ ಎಚ್ಚರಗೊಳ್ಳುತ್ತವೆ. ಕೆಲವು ಕೆಲವೇ ವಾರದಲ್ಲಿ, ಕೆಲವು ದೊಡ್ಡವರ ಮಟ್ಟಕ್ಕೆ ಬರಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಆ ವಯಸ್ಸಿನಲ್ಲಿ ಔಷಧಿ ನಿಧಾನಕ್ಕೆ ಹೊರಹೋಗುತ್ತದೆ, ಮೇಲಿಂದ ಮೇಲೆ ಕೊಟ್ಟರೆ ರಾಶಿ ಬೀಳುತ್ತದೆ. 6 ತಿಂಗಳೊಳಗಿನ ಕೂಸಿಗೆ ಮನೆಯಲ್ಲಿ ಯಾವ ಆಂಟಿಹಿಸ್ಟಮಿನ್ನೂ ಬೇಡ. ಬಾಣಂತಿ ತಾಯಿ ಶೀತಕ್ಕೆ ಅಂತ ಹಳೇ ಮಾತ್ರೆಯನ್ನು ದಿನಗಟ್ಟಲೆ ನುಂಗಿದರೆ ಎದೆಹಾಲಿನ ಮೂಲಕ ಕೂಸಿಗೂ ಮಂಕು ಹಿಡಿಯಬಹುದು.

13 ವರ್ಷದ, 70 ಕೆಜಿ ತೂಗುವ ಹುಡುಗ ಇದ್ದಿದ್ದರೆ ಕೆಜಿಗೆ 0.25ರಂತೆ ಗುಣಿಸಿ 17.5 ಮಿಲಿಗ್ರಾಂ ಕೊಡಬೇಕೇ? ಇಲ್ಲ. ಅವನ ಮೈ ಔಷಧಿಯನ್ನು ಈಗಾಗಲೇ ದೊಡ್ಡವರ ಹಾಗೆ ನಿಭಾಯಿಸುತ್ತದೆ, 10 ಮಿಲಿಗ್ರಾಂ ಸಾಕು. ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ.

ಹೈಡ್ರಾಕ್ಸಿಜಿನ್ ಅನ್ನುವ ಹಳೇ ಔಷಧಿ ಇದೆ, ತುರಿಕೆಗೆ ಚರ್ಮದ ಡಾಕ್ಟರು ಈಗಲೂ ಬರೆಯುತ್ತಾರೆ. ನಮ್ಮ ಮೈ ಅದನ್ನು ಒಡೆದು ಸೆಟಿರಿಜಿನ್ ಆಗಿಯೇ ಬದಲಾಯಿಸುತ್ತದೆ. ಸೆಟಿರಿಜಿನ್ ಹುಟ್ಟಿದ್ದೇ ಆ ದಾರಿಯಲ್ಲಿ. ಹೈಡ್ರಾಕ್ಸಿಜಿನ್ ಅರ್ಧಾಯು 1 ವರ್ಷದ ಮಗುವಿನಲ್ಲಿ 4 ಗಂಟೆ, 14 ವರ್ಷದವರಲ್ಲಿ 11 ಗಂಟೆ, ದೊಡ್ಡವರಲ್ಲಿ ಇನ್ನೂ ಜಾಸ್ತಿ. ವಯಸ್ಸು ಏರಿದ ಹಾಗೆ ಅರ್ಧಾಯು ಏರುವುದನ್ನು ಈ ಔಷಧಿ ಚೆನ್ನಾಗಿ ತೋರಿಸುತ್ತದೆ.

ಮುಂದಿನ ಭೇಟಿ

ಆರನೇ ದಿನ ಇಬ್ಬರನ್ನೂ ತೋರಿಸಲು ಕರೆತಂದರು. ತಮ್ಮನಿಗೆ ಮೂರನೇ ದಿನದಿಂದಲೇ ಗಂಧೆ ಇರಲಿಲ್ಲ, ಹೇಳಿದ ಹಾಗೆ ಐದೂ ದಿನ ಸಿರಪ್ ಕೊಟ್ಟು ನಿಲ್ಲಿಸಿದ್ದರು. ನಿದ್ದೆ, ಊಟ, ಆಟ ಎಲ್ಲ ಮೊದಲಿನಂತೆ. ಡಾಕ್ಟರು ಚೀಟಿಯಲ್ಲಿ ಆ ದಿನದ ತೂಕ, ಎಂಎಲ್ ಮತ್ತು ಮಿಲಿಗ್ರಾಂ ಎರಡನ್ನೂ ಬರೆದು, ಮೂರು ತಿಂಗಳ ನಂತರ ಈ ಡೋಸ್ ನಡೆಯುವುದಿಲ್ಲ, ತೂಗಿಸಿಕೊಂಡು ಕೇಳಿ ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸಿದರು. ಡ್ರಾಪ್ಸ್ ಬಾಟಲಿಯನ್ನು ತಾಯಿ ಜೊತೆಗೇ ತಂದಿದ್ದರು, ಅದನ್ನು ಕ್ಲಿನಿಕ್ಕಿನಲ್ಲೇ ಬಿಟ್ಟು ಹೋದರು.